ಬಿಟ್ಟ ಸ್ಥಳ

ಆ ಮನೆಯ ಜಗಳ ಶುರುವಾದದ್ದು ಒಂದು ತಟ್ಟೆಯಿಂದ. ತಟ್ಟೆಯದೇನೂ ತಪ್ಪಿರಲಿಲ್ಲ ಪಾಪ, ಅದು ಸಿಂಕಿನಲ್ಲಿ ಸುಮ್ಮನೆ ಬಿದ್ದಿತ್ತು.

ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು, ಅಕ್ಕಿಕಾಳಿನ ತುದಿಯಷ್ಟಿರುವ ಸ್ಕ್ರೂಗಳನ್ನು ತಿರುಗಿಸುವುದು. ಮಾಲೀಕರು ಹೊಳೆಯಾಚೆ ಹೊಸ ಅಂಗಡಿ ತೆರೆದು ಅವಳನ್ನು ಅಲ್ಲಿಗೆ ಹಾಕಿದ ಮೇಲೆ ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ತಿರುಗಿ ಬರುವಾಗ ರಾತ್ರಿ ಎಂಟು. ಒಂದು ದಿನ ಊಟದ ಮೇಜಿನಲ್ಲಿ ಅವಳು ಮಾತು ತೆಗೆದಳು.

"ಅಂಗಡಿ ಹತ್ರಾನೇ ಒಂದು ರೂಮಿದೆ. ನನ್ನ ಜೊತೆ ಕೆಲಸ ಮಾಡೋ ಹುಡುಗೀನೂ ಬರ್ತಾಳೆ. ಇನ್ನೆರಡು ತಿಂಗಳಿಗೆ ಖಾಲಿಯಾಗುತ್ತಂತೆ. ಹೋಗೋಣ ಅಂತಿದೀನಿ."

ಅಪ್ಪ "ಹೂಂ" ಎಂದರು. ಅವರ ಹೂಂಗೆ ಹೌದು, ಬೇಡ, ನೋಡೋಣ, ಕೇಳಿಸಲಿಲ್ಲ ಎಂಬ ನಾಲ್ಕು ಅರ್ಥಗಳೂ ಇದ್ದವು. ಅಜ್ಜಿ, ಎಂದರೆ ಅಪ್ಪನ ತಾಯಿ, "ಹೊಳೆಯಾಚೆ ಸೊಳ್ಳೆ ಜಾಸ್ತಿ" ಎಂದರು.

ಅಮ್ಮ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಬೆನ್ನು ತಿರುಗಿಸದೆಯೇ ಹೇಳಿದಳು:

"ಹೋಗೋದಾದ್ರೆ ಹೋಗಮ್ಮ. ನಿನ್ನ ತಟ್ಟೆ ತೊಳೆಯೋದಾದ್ರೂ ತಪ್ಪುತ್ತೆ ನಂಗೆ."

ಅಷ್ಟೇ ಮಾತು. ಮಗಳು ಎದ್ದು ಬಂದು ಅಮ್ಮನ ಪಕ್ಕದಲ್ಲೇ ನಿಂತು ತನ್ನ ತಟ್ಟೆ ತೊಳೆದಳು, ಒರೆಸಿದಳು, ಲೋಟವನ್ನೂ ತೊಳೆದು ಬೋರಲು ಹಾಕಿದಳು. ಮರುದಿನ ನೀಲಿ ಅಂಚಿನ ಒಂದು ತಟ್ಟೆ ಕೊಂಡು ತಂದಳು. ಅಂದಿನಿಂದ ಅದರಲ್ಲಿ ಊಟ ಬಡಿಸಿಕೊಂಡು ಕೋಣೆಗೆ ಹೋಗುವುದು, ಉಂಡು ತೊಳೆದು ಕೋಣೆಯಲ್ಲೇ ಇಟ್ಟುಕೊಳ್ಳುವುದು. ಕೇಳಿದರೆ ಉತ್ತರ ಕೊಡುತ್ತಿದ್ದಳು. ಕೇಳದಿದ್ದರೆ ಬಾಯಿಗೆ ಬೀಗ.

ಅಮ್ಮ ಕೆಟ್ಟವಳೇನಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತವಳು. ಬೆಳಿಗ್ಗೆ ಒಂಬತ್ತರಿಂದ ಒಂದು, ಸಂಜೆ ನಾಲ್ಕರಿಂದ ಏಳು. ಹೆದರಿ ಬಂದವರಿಗೆ ಟೋಕನ್ ಕೊಟ್ಟು, ಕೂರಿಸಿ, "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ಸಮಾಧಾನ ಹೇಳಿ ಹೇಳಿ, ಅಲ್ಲಿಯವರೆಲ್ಲ ಅವಳನ್ನು ಟೋಕನಕ್ಕ ಎಂದು ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ. ತೊಂದರೆ ಏನೆಂದರೆ, ಅವಳ ಹತ್ತಿರವಿದ್ದ ಒಳ್ಳೆಯ ಮಾತುಗಳೆಲ್ಲ ಕೌಂಟರಿನಲ್ಲೇ ಖರ್ಚಾಗಿ, ಮನೆಗೆ ಬರುವಾಗ ಚೂಪಾದವು ಮಾತ್ರ ಉಳಿದಿರುತ್ತಿದ್ದವು.

ಇನ್ನು 'ತಪ್ಪಾಯ್ತು' ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದದ್ದು ಯಾರಿಗೂ ನೆನಪಿಲ್ಲ. ಅಜ್ಜಿಗೆ ತಪ್ಪಾಯಿತೆನಿಸಿದರೆ ತಮ್ಮ ಪಾಲಿನ ಮೊಟ್ಟೆಯಲ್ಲಿ ಅರ್ಧ ಮುರಿದು ಎದುರಿಗಿದ್ದವರ ತಟ್ಟೆಗೆ ಹಾಕುತ್ತಿದ್ದರು. ಅಪ್ಪನಿಗೆ, ಎಂದರೆ ಮನೆಯ ಯಜಮಾನರಿಗೆ, ಹಾಗೆನಿಸಿದರೆ ಏನಾದರೊಂದನ್ನು ರಿಪೇರಿ ಮಾಡುತ್ತಿದ್ದರು. ಆ ಮನೆಯ ನಲ್ಲಿಗಳು ಇಷ್ಟು ವರ್ಷ ಸೋರದೇ ಇದ್ದದ್ದು ಗಂಡ ಹೆಂಡಿರ ಜಗಳದ ಕೃಪೆಯಿಂದ. ಟೋಕನಕ್ಕನಿಗೆ ಮಾತ್ರ ಇಂಥ ದಾರಿ ಯಾವುದೂ ಇರಲಿಲ್ಲ. ಅವಳು ಸುಮ್ಮನೆ ಒಳಗೊಳಗೇ ಬೇಯುತ್ತಿದ್ದಳು.

ಯಜಮಾನರ ಕೆಲಸವನ್ನೂ ಹೇಳಿಬಿಡಬೇಕು. ಕಾರುಗಳ ಗ್ಯಾರೇಜಿನಲ್ಲಿ ಅವರು ಗೀರು ಮುಚ್ಚುವವರು. ಬಾಗಿಲಿಗೆ, ಬಂಪರಿಗೆ ಯಾರೋ ಉಜ್ಜಿಕೊಂಡು ಹೋದ ಗುರುತಿದ್ದರೆ ಅಲ್ಲಿಗೆ ಅದೇ ಬಣ್ಣ ಬೆರೆಸಿ, ಸಣ್ಣ ಬ್ರಷ್ಷಿನಲ್ಲಿ ತುಂಬಿ, ಎಲ್ಲಿ ಹಳೆಯದು ಎಲ್ಲಿ ಹೊಸದು ಎಂದು ಗೊತ್ತಾಗದಂತೆ ಮಾಡುವುದು. "ನಾನು ಕೆಲಸ ಮಾಡಿದ್ದು ಯಾರಿಗಾದ್ರೂ ಗೊತ್ತಾದ್ರೆ ಅದು ಕೆಲಸಾನೇ ಅಲ್ಲ" ಎನ್ನುತ್ತಿದ್ದರು. ಮೂವತ್ತು ವರ್ಷ ಹಾಗೆ ಮಾಡಿದವರನ್ನು ಮನೆಯಲ್ಲೂ ಯಾರೂ ಅಷ್ಟಾಗಿ ಗಮನಿಸುತ್ತಿರಲಿಲ್ಲ.

ತಟ್ಟೆಯ ಮಾತಾಗಿ ಎರಡು ವಾರಕ್ಕೆ ಟೋಕನಕ್ಕ ಕ್ಲಿನಿಕ್ಕಿನಿಂದ ಒಂದು ದಪ್ಪ ಪುಸ್ತಕ ಮತ್ತು ಬಣ್ಣದ ಪೆನ್ಸಿಲ್ಲಿನ ಡಬ್ಬಿ ಹಿಡಿದುಕೊಂಡು ಬಂದಳು.

"ಏನೇ ಅದು?" ಅಜ್ಜಿ ಕೇಳಿದರು.

"ಬಣ್ಣ ಹಚ್ಚೋ ಪುಸ್ತಕ, ಅತ್ತೆ."

"ಯಾವ ಮಗೂಗೆ?"

"ಮಕ್ಕಳದಲ್ಲ. ದೊಡ್ಡೋರಿಗೇ ಮಾಡಿರೋದು. ತಲೆಬಿಸಿ ಕಮ್ಮಿ ಆಗುತ್ತಂತೆ."

"ಓಹೋ! ನರ್ಸರಿಗೆ ಯಾವಾಗ ಸೇರಿಕೊಂಡೆ? ನೀರಿನ ಬಾಟ್ಲಿ ಕುತ್ತಿಗೆಗೆ ನಾನೇ ಹಾಕಿ ಕಳಿಸ್ಲಾ?"

ಪುಸ್ತಕವನ್ನು ತಂದಿಟ್ಟದ್ದು ಡಾಕ್ಟರೇ. ಹಲ್ಲು ಕೀಳಿಸಲು ಬಂದವರು ಕಾಯುವಾಗ ಹೆದರದಿರಲಿ ಎಂದು ಬೆಂಚಿನ ಪಕ್ಕದ ಮೇಜಿನ ಮೇಲಿಟ್ಟಿದ್ದರು. ಮೊದಮೊದಲು ಯಾರೂ ಮುಟ್ಟಲಿಲ್ಲ. ಆಮೇಲೊಬ್ಬರು ಅರ್ಧ ಮೀನಿಗೆ ಬಣ್ಣ ಹಚ್ಚುವಷ್ಟರಲ್ಲಿ ಅವರ ನಂಬರು ಬಂತು. ಮುಂದಿನವರು ಬಂದು ಕೂತು, ಆಚೀಚೆ ನೋಡಿ, ಉಳಿದ ಅರ್ಧ ಮೀನನ್ನು ಮುಗಿಸಿದರು. ಒಮ್ಮೆ ದಢೂತಿ ಲಾರಿ ಡ್ರೈವರೊಬ್ಬ, "ಅಕ್ಕಾ, ಇನ್ನೈದು ನಿಮಿಷ ಬಿಟ್ಟು ಕರೀರಿ, ಈ ರೆಕ್ಕೆ ಒಂದು ಉಳಿದಿದೆ" ಎಂದಿದ್ದ. ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಹಾಳೆಯನ್ನು ಸೇರಿ ತುಂಬಿಸುತ್ತಿದ್ದರು. ಟೋಕನಕ್ಕ ಕೌಂಟರಿನ ಹಿಂದಿನಿಂದ ಅದನ್ನೆಲ್ಲ ನೋಡುತ್ತಿದ್ದಳು. ಕೊನೆಗೆ ಡಾಕ್ಟರು ಗೋಡೆಗೊಂದು ಟಿವಿ ಹಾಕಿಸಿದರು. ಪುಸ್ತಕವನ್ನು ಎಸೆಯಿರಿ ಎಂದರು. ಅವಳು ಎಸೆಯಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಮನೆಗೆ ಬಂದರೆ ಮತ್ತೆ ಹೊರಡಲು ಮೂರೂವರೆ. ಮೊದಲಾದರೆ ಆ ಹೊತ್ತಿನಲ್ಲಿ ಬಟ್ಟೆ ಮಡಚುತ್ತಿದ್ದಳು, ಅಜ್ಜಿಯ ಮಾತ್ರೆಗಳನ್ನು ಬೇರೆ ಮಾಡಿಡುತ್ತಿದ್ದಳು, ಅಥವಾ ಗೋಡೆ ನೋಡುತ್ತಿದ್ದಳು. ಈಗ ಊಟ ಮುಗಿಸಿ, ಮೇಜು ಒರೆಸಿ, ಕಿಟಕಿಯ ಪರದೆ ಸರಿಸಿ ಬಣ್ಣಕ್ಕೆ ಕೂತಳು. ಒಂದು ಹಾಳೆಯಲ್ಲಿ ಮರ, ಅದರ ತುಂಬ ಬೆರಳುಗುರಿನಷ್ಟು ಎಲೆಗಳು. ಒಂದೊಂದೇ ಎಲೆಗೆ ಹಸಿರು ತುಂಬುತ್ತ ಹೋದಂತೆ ಅವಳ ಹುಬ್ಬಿನ ಗಂಟು ಬಿಚ್ಚಿಕೊಂಡಿತು. ಅಜ್ಜಿಯೂ ಅದನ್ನು ಗಮನಿಸಿದರು, ಆದರೆ ಹೊಗಳಲಿಲ್ಲ.

"ಗೆರೆಯಾಚೆ ಹೋದ್ರೆ ಮೇಷ್ಟ್ರು ಹೊಡೀತಾರಾ?"

"ಸುಮ್ನಿರಿ ಅತ್ತೆ. ಲೆಕ್ಕ ತಪ್ಪುತ್ತೆ."

ಹಾಳೆ ಮುಗಿಯಲು ಒಂದು ವಾರ ಹಿಡಿಯಿತು. ಕೊನೆಯ ಎಲೆಯ ಹತ್ತಿರ ಬಂದಾಗ ಅವಳ ಕೈ ನಿಂತಿತು. ಮಗಳು ಚಿಕ್ಕವಳಿದ್ದಾಗ ಹೀಗೇ ಪಕ್ಕದಲ್ಲಿ ಕೂತು ಬಣ್ಣ ಹಚ್ಚುತ್ತಿದ್ದಳು. ಆನೆ ಇರಲಿ, ಬಸ್ಸಿರಲಿ, ಎಲ್ಲಕ್ಕೂ ಕಿತ್ತಳೆ ಬಣ್ಣವೇ. "ಕಿತ್ತಳೆ ಆನೆ ಎಲ್ಲಿರುತ್ತೇ?" ಎಂದರೆ "ನನ್ನ ಹತ್ರ ಇರುತ್ತೆ" ಎನ್ನುತ್ತಿದ್ದಳು. ಟೋಕನಕ್ಕ ಆ ಒಂದು ಎಲೆಯನ್ನು ಬಿಳಿಯಾಗಿಯೇ ಬಿಟ್ಟು, ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಪಕ್ಕದಲ್ಲಿ ಡಬ್ಬಿಯನ್ನೂ ತೆರೆದಿಟ್ಟು ಕ್ಲಿನಿಕ್ಕಿಗೆ ಹೊರಟಳು. ಬಾಯಲ್ಲಿ ಬಾರದ ಮಾತು ಹೀಗಾದರೂ ಮಗಳಿಗೆ ಮುಟ್ಟಲಿ ಎಂಬುದೇ ಅವಳ ಆಸೆ. ಮಗಳು ಮನೆ ಬಿಡಲು ಆಗ ಐದು ವಾರ ಉಳಿದಿತ್ತು.

ಏಳೂವರೆಗೆ ಬಂದು ನೋಡಿದರೆ ಎಲೆ ತುಂಬಿತ್ತು.

ಟೋಕನಕ್ಕ ಚೀಲ ಕೂಡ ಇಳಿಸದೆ ಹಾಳೆಯ ಮೇಲೆ ಬಗ್ಗಿದಳು. ಅದೇ ಹಸಿರು, ಅದೇ ಒತ್ತು. ಅಡಿಗೆಮನೆಗೆ ಹೋದರೆ ಸಿಂಕಿನ ಪಕ್ಕ ತೊಳೆದ ಲೋಟವೊಂದು ಬೋರಲು ಬಿದ್ದಿತ್ತು. ಆ ಮನೆಯಲ್ಲಿ ಲೋಟವನ್ನು ತೊಳೆದು ಬೋರಲು ಹಾಕುವವರು ಒಬ್ಬರೇ.

"ಅತ್ತೆ, ಅವಳು ಬಂದಿದ್ಲಾ?"

"ಬಂದಿರಬೇಕು. ಮಧ್ಯಾಹ್ನ ಬಾಗಿಲು ಸದ್ದಾಯ್ತು. ನಾನು ಮಲಗಿದ್ದೆ."

ಇನ್ನೇನು ಸಾಕ್ಷಿ ಬೇಕು? ಕಿತ್ತಳೆಯ ಬದಲು ಹಸಿರು ಹಚ್ಚಿದ್ದಾಳಲ್ಲ ಎಂದು ಒಂದು ಕ್ಷಣ ಮನಸ್ಸು ಚುರ್ ಎಂದಿತು. ಬೆಳೆದಿದ್ದಾಳೆ, ಬುದ್ಧಿ ಬಂದಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅಂದು ರಾತ್ರಿ ಮಗಳು ಬಂದಾಗ ಮೇಜಿನ ಹತ್ತಿರ ಒಂದು ಗಳಿಗೆ ನಿಂತಳು, ಹಾಳೆಯನ್ನು ನೋಡಿದಳು. ಏನೋ ಹೇಳುತ್ತಾಳೆ ಎಂದು ಟೋಕನಕ್ಕ ಸೌಟು ಹಿಡಿದು ಕಾದಳು. ಮಗಳು ತಟ್ಟೆ ತರಲು ಕೋಣೆಗೆ ಹೋದಳು.

ಇರಲಿ, ಮಾತು ನಿಧಾನಕ್ಕೆ ಬರುತ್ತದೆ ಎಂದುಕೊಂಡಳು ಅಮ್ಮ.

ಮುಂದಿನ ಮೂರು ವಾರ ಆ ಮನೆಯಲ್ಲಿ ಅಡಿಗೆ ರುಚಿಯಾಯಿತು. ಆಲೂಗಡ್ಡೆ ಹುರಿದರೆ ಗರಿಗರಿ, ಮೊಟ್ಟೆ ಬೇಯಿಸಿದರೆ ತಲೆಗೆರಡು. ಟೋಕನಕ್ಕ ಈಗ ದಿನಾ ಹಾಳೆಯ ಒಂದು ಭಾಗ ಮುಗಿಸಿ, ಅದರಲ್ಲೊಂದು ಜಾಗ ಬಿಡತೊಡಗಿದಳು. ಒಂದು ದಿನ ಚಿಟ್ಟೆಯ ಎಡರೆಕ್ಕೆ, ಒಂದು ದಿನ ಗಡಿಯಾರದ ಮುಳ್ಳು, ಒಂದು ದಿನ ಮೀನಿನ ಬಾಲ. ಏಳೂವರೆಗೆ ಬಂದರೆ ಜಾಗ ತುಂಬಿರುತ್ತಿತ್ತು. ಮಗಳು ಬರುವುದು ಎಂಟಕ್ಕಲ್ಲವೇ, ಅವಳು ಹೇಗೆ ಹಚ್ಚಿಯಾಳು ಎಂದು ಯಾರಾದರೂ ಕೇಳಬಹುದಿತ್ತು. ಟೋಕನಕ್ಕ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಮಧ್ಯಾಹ್ನ ಈ ಕಡೆ ಕನ್ನಡಕ ಕೊಡಲು ಬರುತ್ತಾಳೇನೋ, ನಾನಿಲ್ಲದ ಹೊತ್ತು ನೋಡಿ ಮನೆಗೆ ಬರುತ್ತಾಳೇನೋ, ನನ್ನ ಮುಖ ನೋಡಲು ಅಭಿಮಾನ ಅಡ್ಡ ಬರುತ್ತಿರಬೇಕು ಎಂದು ತಾನೇ ಒಂದು ಕಥೆ ಹೆಣೆದಿಟ್ಟುಕೊಂಡಿದ್ದಳು. ನಂಬಬೇಕೆಂದು ಕೂತವರಿಗೆ ಗಡಿಯಾರ ಏನು ಮಾಡೀತು!

ಈ ನಡುವೆ ಡಬ್ಬಿಯಲ್ಲಿ ಕಿತ್ತಳೆ ಪೆನ್ಸಿಲ್ ಕಾಣೆಯಾಗಿತ್ತು. ಕ್ಲಿನಿಕ್ಕಿನಿಂದ ಬರುವಾಗಲೇ ಅದರ ಮೊನೆ ಮುರಿದಿತ್ತು, ಮನೆಯಲ್ಲಿ ಚೂಪು ಮಾಡುವ ಸಾಮಾನೂ ಇರಲಿಲ್ಲ. ಆದರೂ ಹುಡುಕಿದಳು.

"ಅತ್ತೆ, ಬೆನ್ನು ತುರಿಸ್ಕೊಳ್ಳೋಕೆ ತಗೊಂಡ್ರಾ?"

"ನನ್ನ ಬೆನ್ನಿಗೆ ಬಾಚಣಿಗೆ ಇದೆ. ನಿನ್ನ ಪೆನ್ಸಿಲ್ಲು ಯಾವ ಮೂಲೆಗೆ?"

ಮಗಳ ರಜೆ ಮಂಗಳವಾರ. ಆ ದಿನವೆಲ್ಲ ಅವಳು ರೂಮಿಗೆ ಬೇಕಾದ ಬಕೆಟ್ಟು, ಹಾಸಿಗೆ, ಬಲ್ಬು ಎಂದು ಹೊರಗೇ ಇರುತ್ತಿದ್ದಳು. ಕೋಣೆಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಏರಿದವು. ಅತ್ತ ಪೆಟ್ಟಿಗೆ ಏರುತ್ತಿತ್ತು, ಇತ್ತ ಪುಸ್ತಕದಲ್ಲಿ ದಿನಾ ಒಂದು ಜಾಗ ತುಂಬುತ್ತಿತ್ತು. ಟೋಕನಕ್ಕ ತುಂಬಿದ್ದನ್ನೇ ನೋಡುತ್ತಿದ್ದಳು.

ಗುಟ್ಟು ಒಡೆದದ್ದು ಒಂದು ಭಾನುವಾರ. ಕ್ಲಿನಿಕ್ಕಿಗೂ ಗ್ಯಾರೇಜಿಗೂ ರಜೆ, ಮಗಳ ಅಂಗಡಿಗೆ ಮಾತ್ರ ಇಲ್ಲ. ಮೂವರೇ ಊಟಕ್ಕೆ ಕೂತಿದ್ದರು. ಮೇಜಿನ ತುದಿಯಲ್ಲಿ ಪುಸ್ತಕ ತೆರೆದಿತ್ತು. ಸೂರ್ಯ ಮುಳುಗುವ ಚಿತ್ರ, ಮೋಡಗಳ ಸಾಲು. ಕಿತ್ತಳೆ ಇಲ್ಲದ್ದರಿಂದ ಟೋಕನಕ್ಕ ಮೋಡಗಳಿಗೆ ಹಳದಿಯ ಮೇಲೆ ಕೆಂಪು ಎಳೆದು ಹೇಗೋ ಹೊಂದಿಸಿದ್ದಳು. ಹಿಂದಿನ ದಿನ ಬಿಟ್ಟ ಮೋಡವೂ ಅದೇ ಬಣ್ಣಕ್ಕೆ ತಿರುಗಿತ್ತು.

"ನೋಡಿ ಅತ್ತೆ, ಎಷ್ಟು ಚೆನ್ನಾಗಿ ಹಚ್ಚಿದಾಳೆ! ಬಾಯಿ ಬಿಡ್ದೇ ಇದ್ರೂ ಕೈ ಬಿಟ್ಟಿಲ್ಲ."

ಅಜ್ಜಿ ಇದ್ದಕ್ಕಿದ್ದಂತೆ ನೀರು ಕುಡಿಯಲು ಶುರುಮಾಡಿದರು.

"ಹಳದಿ ಎರಡು ಕೈ, ಮೇಲೆ ಕೆಂಪು ಒಂದು ಕೈ. ಆಮೇಲೆ ಬಟ್ಟೇಲಿ ಸ್ವಲ್ಪ ಉಜ್ಜಬೇಕು. ಇಲ್ದಿದ್ರೆ ಗೆರೆ ಕಾಣುತ್ತೆ," ಎಂದರು ಯಜಮಾನರು, ಅನ್ನ ಕಲಸುತ್ತ.

ಟೋಕನಕ್ಕ ಗಂಡನ ಕಡೆ ತಿರುಗಿದಳು. "ನಿಮಗೆ ಹೇಗೆ ಗೊತ್ತು?"

"ನಾನೇ ಅಲ್ವಾ ಹಚ್ಚಿದ್ದು."

"ನೀವಾ?"

"ಮತ್ತ್ಯಾರು? ಆರಕ್ಕೆ ಬರ್ತೀನಲ್ಲ, ಚಹಾ ಕುಡಿದು ಅದೊಂದು ಮುಗಿಸಿಬಿಡ್ತೀನಿ. ಗೊತ್ತಾಗಲ್ಲ ಅಲ್ವಾ?" ಯಜಮಾನರ ಮುಖ ಅರಳಿತ್ತು. ಗ್ಯಾರೇಜಿನಲ್ಲಿ ಯಾರೂ ಹೊಗಳದ ಕೆಲಸಕ್ಕೆ ಮನೆಯಲ್ಲಿ ಹೊಗಳಿಕೆ ಬಂದಿದೆ ಎಂದುಕೊಂಡಿದ್ದರು.

"ಎಲ್ಲಾನೂ ನೀವೇನಾ? ಮೊದಲನೇ ಎಲೆನೂ?"

"ಎಲೆನೂ. ಪಾಪ, ಒಂದು ಮರ್ತುಬಿಟ್ಟಿದ್ದಾಳೆ ಅಂತ ಹಚ್ಚಿದೆ. ಮಾರನೇ ದಿನ ನೀನು ಇನ್ನೊಂದು ಕಡೆ ಬಿಟ್ಟಿದ್ದೆ. ಅದರ ಮಾರನೇ ದಿನಾನೂ. ಆಮೇಲೆ ಅರ್ಥ ಆಯ್ತು, ಇದು ಮರೆವಲ್ಲ, ನನಗೆ ಅಂತಾನೇ..."

"ನಿಮಗ್ಯಾಕೆ ಬಿಡ್ಲಿ? ನಿಮಗೆ ಯಾರು ಮುಟ್ಟಿ ಅಂದಿದ್ದು? ಅವಳಿಗೆ ಅಂತ ಬಿಟ್ಟಿದ್ದು ನಾನು! ಎಲ್ಲಿ ಏನು ಕಂಡ್ರೂ ಮುಚ್ಚೋದೊಂದೇ ಗೊತ್ತು ನಿಮಗೆ!"

ಯಜಮಾನರ ಕೈ ತಟ್ಟೆಯಲ್ಲೇ ನಿಂತಿತು. ಹೂಂ ಎನ್ನಲಿಲ್ಲ. ಉಂಡು ಮುಗಿಸಿ, ಎದ್ದು ಹೋಗಿ ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟರು. ಆ ನೀರಿನ ಸದ್ದು ಕೇಳಿ ಟೋಕನಕ್ಕ ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಆಗಲೇ ಆಡಿ ಆಗಿತ್ತು, ಎರಡನೆಯ ಸಲ.

"ನಿಮಗೆ ಗೊತ್ತಿತ್ತಲ್ವಾ ಅತ್ತೆ?" ಎಂದಳು.

"ಗೊತ್ತಿತ್ತು. ಎದುರಿಗೇ ಕೂತು ಹಚ್ತಿದ್ದ. ನಾಲಿಗೆ ಹೊರಗೆ ಹಾಕ್ಕೊಂಡು, ಸ್ಕೂಲಿಗೆ ಹೋಗ್ತಿದ್ದಾಗಿನ ಥರಾನೇ."

"ಹೇಳಬಾರ್ದಿತ್ತಾ?"

"ಯಾಕೆ ಹೇಳ್ಲಿ? ನೀನು ಖುಷಿಯಾಗಿದ್ದೆ, ಅವನು ಖುಷಿಯಾಗಿದ್ದ, ನನಗೆ ಎರಡೆರಡು ಮೊಟ್ಟೆ ಸಿಗ್ತಿತ್ತು." ಅಜ್ಜಿ ತಮ್ಮ ತಟ್ಟೆಯಲ್ಲಿ ಉಳಿದಿದ್ದ ಮೊಟ್ಟೆಯನ್ನು ಮುರಿದು ಸೊಸೆಯ ತಟ್ಟೆಗೆ ಹಾಕಿದರು. ಅವಳು ಅದನ್ನು ತಿನ್ನಲಿಲ್ಲ.

ಟೋಕನಕ್ಕ ಪುಸ್ತಕವನ್ನು ಮುಚ್ಚಿ ಫ್ರಿಜ್ಜಿನ ಮೇಲೆ ಎಸೆದಳು. ಮರುದಿನದಿಂದ ಮಧ್ಯಾಹ್ನದ ಎರಡು ಗಂಟೆ ಮತ್ತೆ ಬಟ್ಟೆ ಮಡಚುವುದಕ್ಕೆ ಹೋಯಿತು. ಮಗಳು ಒಮ್ಮೆಯೂ ಆ ಪುಸ್ತಕ ಮುಟ್ಟಿರಲಿಲ್ಲ, ಇದು ಈಗ ಖಚಿತವಾಯಿತು. ಅಷ್ಟು ದಿನ ಅವಳು ಮಗಳ ಜೊತೆ ಮಾತಾಡುತ್ತಿದ್ದೇನೆ ಎಂದುಕೊಂಡದ್ದೆಲ್ಲ ಒಬ್ಬಳೇ ಆಡಿಕೊಂಡ ಮಾತಾಗಿತ್ತು. ಕೌಂಟರಿನಲ್ಲೂ ಅವಳ ದನಿ ಬಿದ್ದುಹೋಯಿತು. "ಅಕ್ಕಂಗೇ ಹಲ್ಲುನೋವು ಅನ್ಸುತ್ತೆ" ಎಂದು ಯಾರೋ ನಕ್ಕರು.

ಯಜಮಾನರು ಆರಕ್ಕೆ ಬರುತ್ತಿದ್ದರು. ಚಹಾ ಕುಡಿದು, ಖಾಲಿ ಮೇಜನ್ನು ನೋಡಿ, ಕನ್ನಡಕವನ್ನು ಜೇಬಿನಿಂದ ತೆಗೆದು, ಮತ್ತೆ ಜೇಬಿಗೇ ಹಾಕಿಕೊಳ್ಳುತ್ತಿದ್ದರು. ಇದನ್ನು ಸೊಸೆಗೆ ಹೇಳಿದವರು ಅಜ್ಜಿ.

"ಅವನೇನೂ ಅನ್ನಲ್ಲ. ಬಂದು ಕೂತ್ಕೊಳ್ತಾನೆ. ನಿನ್ನೆ ಮೇಜಿನ ಕಾಲು ಅಲ್ಲಾಡ್ತಿದೆ ಅಂತ ಬಿಗಿ ಮಾಡ್ದ."

"ಅದು ಅಲ್ಲಾಡ್ತಿರಲಿಲ್ವಲ್ಲ."

"ಅದಕ್ಕೇ ಹೇಳ್ದೆ."

ಒಂದೇ ಮನೆಯಲ್ಲಿ ನಾಲ್ಕು ಜನ, ನಾಲ್ಕು ಕಡೆ ಊಟ ಮಾಡುವ ಹಾಗಾಗಿತ್ತು. ಮಗಳು ಕೋಣೆಯಲ್ಲಿ, ಅಜ್ಜಿ ಮಂಚದ ಮೇಲೆ, ಯಜಮಾನರು ಟಿವಿ ಮುಂದೆ, ಟೋಕನಕ್ಕ ಅಡಿಗೆಮನೆಯಲ್ಲಿ ನಿಂತುಕೊಂಡೇ. ಮೇಜಿನ ಮೇಲೆ ಇಸ್ತ್ರಿ ಬಟ್ಟೆಯ ಗಂಟು ಬಂದು ಕೂತಿತು.

ಮಗಳು ಹೊರಟದ್ದು ಒಂದು ಮಂಗಳವಾರ ಬೆಳಿಗ್ಗೆ. ಸಣ್ಣ ವ್ಯಾನೊಂದು ಬಂದು ಬಾಗಿಲಲ್ಲಿ ನಿಂತಿತು. ಟೋಕನಕ್ಕ ಕ್ಲಿನಿಕ್ಕಿಗೆ ಒಂದು ಗಂಟೆ ತಡವಾಗಿ ಬರುತ್ತೇನೆಂದು ಹೇಳಿದ್ದಳು. ಯಜಮಾನರು ಹಿಂದಿನ ದಿನವೇ ಮಗಳ ಸೂಟ್‌ಕೇಸಿನ ಮುರಿದ ಚಕ್ರ ಕೂರಿಸಿ, ಅದರ ಮೇಲಿದ್ದ ಗೀರುಗಳನ್ನೆಲ್ಲ ಮುಚ್ಚಿ ಹೊಸದರಂತೆ ಮಾಡಿದ್ದರು. ಪೆಟ್ಟಿಗೆಗಳು ಒಂದೊಂದೇ ವ್ಯಾನಿಗೆ ಏರಿದವು.

"ಸೊಳ್ಳೆಪರದೆ ಹಾಕ್ಕೊಂಡ್ಯಾ?" ಅಜ್ಜಿ ಕೇಳಿದರು.

"ಎರಡು ಹಾಕ್ಕೊಂಡಿದೀನಿ ಅಜ್ಜಿ. ಒಂದು ನಿಮಗೆ. ನೋಡೋಕೆ ಬಂದಾಗ ಬೇಕಲ್ಲ."

"ಎರಡು ಬಸ್ ಹತ್ತಿಸಿ ನನ್ನನ್ನ ಸಾಯಿಸ್ತೀಯ," ಎಂದರು ಅಜ್ಜಿ. ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಗಳು ಕೊನೆಯದಾಗಿ ಹೆಗಲಿನ ಚೀಲ ಸರಿಮಾಡಿಕೊಳ್ಳುತ್ತ ಅದರೊಳಗೆ ಕೈ ಹಾಕಿ ಏನೋ ತೆಗೆದಳು. ಕಿತ್ತಳೆ ಬಣ್ಣದ ಪೆನ್ಸಿಲ್. ಸೂಜಿಯಂತೆ ಚೂಪು ಮಾಡಿತ್ತು.

"ಅಮ್ಮಾ, ಇದು ನಿನ್ನ ಡಬ್ಬೀದು. ನನ್ನ ಬ್ಯಾಗಲ್ಲೇ ಉಳಿದುಹೋಗಿತ್ತು."

"ನಿನ್ನ ಹತ್ರ ಹೇಗೆ ಬಂತು?"

"ಆವತ್ತು ಈ ಕಡೆ ಒಬ್ಬರಿಗೆ ಕನ್ನಡಕ ಕೊಡೋಕೆ ಬಂದಿದ್ದೆ. ನೀರು ಕುಡಿಯೋಣ ಅಂತ ಮನೆಗೆ ಬಂದ್ರೆ ಪುಸ್ತಕ ತೆಗೆದಿತ್ತು. ಮರದಲ್ಲಿ ಒಂದು ಎಲೆ ನೀನು ಬಿಟ್ಟಿದ್ದೆ." ಮಗಳು ಪೆನ್ಸಿಲ್ಲನ್ನೇ ನೋಡುತ್ತ ಹೇಳಿದಳು. "ಕಿತ್ತಳೆ ಹಚ್ಚೋಣ ಅಂತ ನೋಡಿದ್ರೆ ಇದರ ಮೊನೆ ಮುರಿದಿತ್ತು. ಅಂಗಡೀಲಿ ಬ್ಲೇಡಿದೆ, ಚೂಪು ಮಾಡ್ಕೊಂಡು ಬಂದು ರಾತ್ರಿ ಹಚ್ತೀನಿ ಅಂದ್ಕೊಂಡು ತಗೊಂಡು ಹೋದೆ. ಬಂದು ನೋಡಿದ್ರೆ ತುಂಬಿತ್ತು."

ಟೋಕನಕ್ಕ ಕೈ ನೀಡಿ ಪೆನ್ಸಿಲ್ಲನ್ನು ತೆಗೆದುಕೊಂಡಳು.

"ಆಮೇಲೂ ದಿನಾ ನೋಡ್ತಿದ್ದೆ. ದಿನಾ ಒಂದು ಕಡೆ ಅಪ್ಪನ ಕೈ ಇರ್ತಿತ್ತು."

"ನಿನಗೆ ಗೊತ್ತಾಗ್ತಿತ್ತಾ?" ಇದನ್ನು ಕೇಳಿದವರು ಯಜಮಾನರು. ಪೆಟ್ಟಿಗೆ ಹೊತ್ತುಕೊಂಡೇ ನಿಂತಿದ್ದರು.

"ಗೊತ್ತಾಗ್ದೇ ಇರುತ್ತಾ ಅಪ್ಪ? ದಿನವಿಡೀ ಗಾಜಿನ ಮೇಲಿನ ಕೂದಲೆಳೆ ಗೀರು ಹುಡುಕೋಳು ನಾನು. ನೀವು ಗೆರೆ ಮುಟ್ಟದೇ ಹಚ್ತೀರ. ಅಮ್ಮ ಗೆರೆ ಮೇಲೇ ಹೋಗ್ತಾಳೆ." ಅವಳು ಸ್ವಲ್ಪ ನಕ್ಕಳು. "ನೀವಿಬ್ರೂ ಸೇರಿ ಒಂದು ಕೆಲಸ ಮಾಡಿದ್ದು ನಾನು ಯಾವತ್ತೂ ನೋಡಿರ್ಲಿಲ್ಲ. ಇಬ್ರಿಗೂ ಚೆನ್ನಾಗಿ ಹೊಂದಿಕೊಂಡಿದೆ, ನಡುವೆ ನಾನ್ಯಾಕೆ ಅಂತ ಸುಮ್ಮನಾದೆ."

ವ್ಯಾನಿನವನು ಹಾರ್ನ್ ಹೊಡೆದ. 'ಅದು ನಿನಗೇ ಬಿಟ್ಟಿದ್ದು ಕಣೇ' ಎಂಬ ಮಾತು ಟೋಕನಕ್ಕನ ಗಂಟಲಿನವರೆಗೆ ಬಂತು. ಅಲ್ಲಿ ಪೆಟ್ಟಿಗೆ ಹೊತ್ತ ಗಂಡ ನಿಂತಿದ್ದರು. ಅವರ ಮುಖ ನೋಡಿ, ಅದನ್ನು ಇನ್ನೊಂದು ಸಲ ಅವರೆದುರು ಆಡಲು ಅವಳಿಗೆ ಮನಸ್ಸಾಗಲಿಲ್ಲ. ಹೊರಬಂದದ್ದು ಬೇರೆಯೇ ಮಾತು.

"ನಿನ್ನ ತಟ್ಟೆ ಇಲ್ಲೇ ಬಿಟ್ಟುಹೋಗು. ಬಂದಾಗ ಬೇಕಾಗುತ್ತಲ್ಲ. ನಾನು ತೊಳೆದಿಟ್ಟಿರ್ತೀನಿ."

ಮಗಳು ಅಮ್ಮನ ಮುಖವನ್ನು ನೋಡಿದಳು. ಎರಡು ತಿಂಗಳ ಮೇಲೆ ಮೊದಲ ಸಲ ನೇರವಾಗಿ ನೋಡಿದ್ದು. ಆಮೇಲೆ ವ್ಯಾನಿನ ಕಡೆ ನೋಡಿದಳು.

"ಎಲ್ಲಕ್ಕಿಂತ ಕೆಳಗಿನ ಪೆಟ್ಟಿಗೇಲಿದೆ ಅಮ್ಮಾ. ಈಗ ತೆಗೆಯೋಕಾಗಲ್ಲ." ಚೀಲದ ಜಿಪ್ ಎಳೆದು, "ಮುಂದಿನ ಮಂಗಳವಾರ ಬಂದ್ರೆ ತರ್ತೀನಿ" ಎಂದಳು.

"ಬಂದ್ರೆ ಅಂದ್ರೇನು?"

"ಬರ್ತೀನಿ. ಹೊಸ ಜಾಗ ಅಲ್ವಾ, ನೋಡ್ತೀನಿ."

ವ್ಯಾನು ಬೀದಿಯ ತಿರುವಿನಲ್ಲಿ ಮರೆಯಾಯಿತು. ಯಜಮಾನರು ಗ್ಯಾರೇಜಿಗೆ ಹೋದರು, ಟೋಕನಕ್ಕ ಕ್ಲಿನಿಕ್ಕಿಗೆ ಹೋದಳು. ಮಧ್ಯಾಹ್ನ ಬಂದು ಖಾಲಿ ಕೋಣೆಯನ್ನು ಗುಡಿಸಿದಳು. ಗುಡಿಸಲು ಏನೂ ಇರಲಿಲ್ಲ, ಮಗಳು ತಾನೇ ಗುಡಿಸಿ ಹೋಗಿದ್ದಳು. ಊಟ ಮಾಡಿ ತೊಳೆಯಲು ನಿಂತರೆ ಪಾತ್ರೆ ಐದೇ ನಿಮಿಷದಲ್ಲಿ ಮುಗಿದುಹೋಯಿತು. ಸಿಂಕಿನ ಮುಂದೆ ನಿಂತೇ ಅವಳು ಅತ್ತಳು. ಅಜ್ಜಿ ಮಂಚದ ಮೇಲೆ ಎಚ್ಚರವಾಗಿಯೇ ಇದ್ದರು, ಆದರೆ ಆ ಮಧ್ಯಾಹ್ನ ಯಾವ ತಮಾಷೆಯನ್ನೂ ಮಾಡಲಿಲ್ಲ.

ಎರಡು ದಿನ ಬಿಟ್ಟು ಅವಳು ಇಸ್ತ್ರಿ ಬಟ್ಟೆಯ ಗಂಟನ್ನು ಕೆಳಗಿಳಿಸಿ, ಮೇಜು ಒರೆಸಿ, ಫ್ರಿಜ್ಜಿನ ಮೇಲಿನಿಂದ ಪುಸ್ತಕ ತೆಗೆದಳು. ಹೊಸ ಹಾಳೆಯಲ್ಲಿ ಒಂದು ಬೀದಿ, ಎರಡೂ ಬದಿಗೆ ಸಾಲುಮನೆಗಳು, ಲೆಕ್ಕವಿಲ್ಲದಷ್ಟು ಕಿಟಕಿಗಳು. ನಾಲ್ಕು ಮಧ್ಯಾಹ್ನ ಹಚ್ಚಿದಳು. ಸೋಮವಾರ ಎಲ್ಲ ಮುಗಿದು ಎರಡು ಕಿಟಕಿ ಉಳಿದವು, ಒಂದರ ಪಕ್ಕ ಒಂದು. ಆ ದಿನ ಸಂಜೆ ಕ್ಲಿನಿಕ್ಕಿನಲ್ಲಿ ಜನ ಕಡಿಮೆ ಇದ್ದರು. ಆರಕ್ಕೆಲ್ಲ ಕೇಳಿಕೊಂಡು ಮನೆಗೆ ಬಂದಳು.

ಯಜಮಾನರು ಚಹಾ ಹಿಡಿದು ಮೇಜಿನ ಹತ್ತಿರ ನಿಂತಿದ್ದರು. ಕೂತಿರಲಿಲ್ಲ.

"ಕೂತ್ಕೊಳ್ಳಿ," ಎಂದಳು ಟೋಕನಕ್ಕ.

"ಪರವಾಗಿಲ್ಲ. ಸುಮ್ನೆ ನೋಡ್ತಿದ್ದೆ."

"ಕೂತ್ಕೊಳ್ಳೀಂದ್ರೆ. ಎಡಗಡೆ ಕಿಟಕಿ ನಿಮ್ಮದು."

ಯಜಮಾನರು ಹೆಂಡತಿಯ ಮುಖ ನೋಡಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಪಕ್ಕದ ಕಿಟಕಿಗಳಿಗೆ ಯಾವ ನೀಲಿ ಇದೆ ಎಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಮೂರನೇ ನೀಲಿ," ಎಂದರು. "ಹೂಂ," ಎಂದಳು ಅವಳು. ಅವರು ನಾಲಿಗೆಯ ತುದಿ ಹೊರಗೆ ಹಾಕಿ ಹಚ್ಚುವುದನ್ನು ಅವಳು ಇಷ್ಟು ವರ್ಷದಲ್ಲಿ ಮೊದಲ ಸಲ ಕೂತು ನೋಡಿದಳು.

ಮಂಗಳವಾರ ಟೋಕನಕ್ಕ ಕ್ಲಿನಿಕ್ಕಿಗೆ ರಜೆ ಹಾಕಿ, ಕಿತ್ತಳೆ ಪೆನ್ಸಿಲ್ಲನ್ನು ಬಲಗಡೆ ಕಿಟಕಿಯ ಪಕ್ಕದಲ್ಲಿಟ್ಟು, ನಾಲ್ಕು ತಟ್ಟೆ ಹಾಕಿ ಅಡಿಗೆ ಮಾಡಿದಳು. ಒಂದು ಗಂಟೆಯಾಯಿತು, ಮೂರಾಯಿತು. ಸಂಜೆ ಅಜ್ಜಿ ಫೋನ್ ಎತ್ತಿದರು. ಅಂಗಡಿಯಲ್ಲಿ ಏನೋ ಅರ್ಜೆಂಟಿತ್ತಂತೆ, ರಜೆ ಸಿಗಲಿಲ್ಲವಂತೆ, ಮುಂದಿನ ವಾರ ನೋಡುತ್ತಾಳಂತೆ. ಟೋಕನಕ್ಕ ಒಂದು ತಟ್ಟೆಯನ್ನು ಎತ್ತಿ ಒಳಗಿಟ್ಟಳು.

ಯಜಮಾನರು ಬಂದು ಚಹಾ ಕುಡಿದು ಮೇಜಿನ ಮುಂದೆ ಕೂತರು. ಹಾಳೆಯಲ್ಲಿ ಆ ಒಂದು ಕಿಟಕಿ ಮಾತ್ರ ಬಿಳಿ. ಅವರು ಕನ್ನಡಕ ಹಾಕಿಕೊಂಡರು, ಅದನ್ನು ಬಹಳ ಹೊತ್ತು ನೋಡಿದರು, ಪೆನ್ಸಿಲ್ ಉರುಳಿ ಹೋಗದಂತೆ ಹಾಳೆಯ ಮಡಿಕೆಯಲ್ಲಿ ಸರಿಯಾಗಿ ಇಟ್ಟರು. ಆಮೇಲೆ ಕೈಯನ್ನು ಮೇಜಿನ ಕೆಳಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

"ಮುಟ್ಟಲ್ಲ," ಎಂದರು, ಯಾರೂ ಕೇಳದಿದ್ದರೂ.